ತೋಳೊಳಗಿನ ಇಲಿ

ಮೌನೇಶಪ್ಪನಿಗೆ ಲಕ್ವಾ ಹೊಡೆದು ಮೂರು ತಿಂಗಳಾಗಿತ್ತು...

ನಲವತ್ತು ವರ್ಷ ಧಾರವಾಡದಲ್ಲಿ ಮಣ್ಣಿನ ಗಣಪ್ಪಗಳನ್ನು ಮಾಡಿದ ಬಲಗೈ, ಈಗ ಮಡಿಲಲ್ಲಿ ಒಣ ಕೊಂಬೆಯಂತೆ ಬಿದ್ದಿತ್ತು. ಚೌತಿಗೆ ಇನ್ನು ಐವತ್ತೇ ದಿನ.

ಫಿಸಿಯೋಥೆರಪಿಗೆ ಬರುತ್ತಿದ್ದ ಮಂಗಳೂರಿನ ಫ್ಲೇವಿಯಾ, ದಿನಾ ಆ ಕೈಯಲ್ಲಿ ರಬ್ಬರ್ ಚೆಂಡು ಇಟ್ಟು "ಒತ್ತಿ ಅಜ್ಜ" ಅನ್ನುತ್ತಿದ್ದಳು.

ಅವತ್ತು ಅವನು ಎಡಗೈಯಿಂದ ಚೆಂಡನ್ನು ಕಿತ್ತು ಎಸೆದೇಬಿಟ್ಟ.

"ಒಂಬತ್ತು ಫೂಟಿನ ಗಣಪ್ಪನ್ನ ಎಬ್ಬಿಸಿದಾಂವ ನಾ... ಕೂಸಿನ್ಹಂಗ ಚಂಡ ಹಿಡಕೊಂಡು ಕೂಡ್ಲೇನು? ಸತ್ತ ಕೈ ಇದು. ನಾಳಿಂದ ಬರಬ್ಯಾಡ ನೀ!"

"ಕೈ ಸತ್ತರೂ ಬಾಯಿ ಸತ್ತಿಲ್ಲ ನೋಡ ತಂಗಿ!" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಫ್ಲೇವಿಯಾ ನಕ್ಕಳು. ಅವನ ಎಡತೋಳಿನ ಅಂಗಿ ಮೇಲೇರಿಸಿ, "ಇದನ್ನು ಮಡಚಿ ಮಾರಾಯ್ರೆ. ಎಂತ ಕಾಣ್ತದೆ?" ಎಂದಳು.

"ಏನ ಕಾಣತೈತಿ... ಮಸಲ್."

"ಹಿಂದೆ ರೋಮ್‌ನವರಿಗೆ ಅಲ್ಲಿ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಂಡಿತಂತೆ. ಅವರ ಲ್ಯಾಟಿನ್‌ನಲ್ಲಿ ಇಲಿ ಅಂದ್ರೆ 'ಮೂಸ್'. ಪುಟ್ಟ ಇಲಿ 'ಮುಸ್ಕುಲುಸ್'. ಅದೇ ಇಂಗ್ಲಿಷಿನ ಮಸಲ್! ಆ ಮೂಸ್, ನಿಮ್ಮ ಗಣಪತಿಯ ಮೂಷಿಕ... ಎರಡೂ ಒಂದೇ ಬಳ್ಳಿಯ ಮಾತುಗಳು ಅಜ್ಜ."

ಮೌನೇಶಪ್ಪ ತನ್ನ ತೋಳನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಮೂಷಿಕ... ಇದರಾಗ?"

"ಹ್ಞೂಂ. ಆ ಬಲಗೈಯ ಇಲಿಯೂ ಸತ್ತಿಲ್ಲ. ಹೆದರಿ ಬಿಲದಲ್ಲಿ ಕೂತಿದೆ. ಬೈದರೆ ಇಲಿ ಹೊರಗೆ ಬರ್ತದಾ?"

ಅವನಿಗೆ ಅಪ್ಪ ನೆನಪಾದ. ಕೆಲಸ ಕಲಿಯಲು ಕೂತ ಮೊದಲ ವರ್ಷವಿಡೀ ಅಪ್ಪ ಬರೀ ಇಲಿ ಮಾಡಿಸಿದ್ದ. ಅತ್ತರೆ ಹೇಳುತ್ತಿದ್ದ: "ಮೊದಲ ಇಲಿ ಗಟ್ಟಿ ಆಗ್ಲಿ. ಆಮ್ಯಾಲೆ ಗಣಪ್ಪ ತಾನ ಬಂದು ಕೂಡ್ತಾನ."

ಮರುದಿನ ಫ್ಲೇವಿಯಾ ಬಂದಾಗ ಅವನ ಬಲ ಅಂಗೈಯಲ್ಲಿ ಚೆಂಡಿರಲಿಲ್ಲ... ಹಸಿ ಮಣ್ಣಿನ ಮುದ್ದೆಯಿತ್ತು.

ಒಂದು ವಾರ... ಎರಡು ವಾರ... ಏನೂ ಇಲ್ಲ. ಅವನು ಬೈಯಲಿಲ್ಲ.

ಮೂವತ್ತೆರಡನೆಯ ದಿನ ಬೆಳಿಗ್ಗೆ, ಮುಂಗೈಯ ಸುಕ್ಕು ಚರ್ಮದ ಕೆಳಗೆ ಏನೋ ಪುಟ್ಟದು ಪುಳಕ್ಕನೆ ಓಡಿ ಅಡಗಿತು!

ಫ್ಲೇವಿಯಾ, ಹೆಂಡತಿ ಇಬ್ಬರೂ ಬಾಗಿ ನೋಡಿದರು. ಮತ್ತೊಮ್ಮೆ ಓಡಿತು. ಮಣ್ಣಿನ ಮೇಲೆ ಮೂರು ಬೆರಳಿನ ಗುರುತು ಮೂಡಿತು...

"ಬಂತವ್ವಾ... ಹೊರಗ ಬಂತು!" ಗಣಪ್ಪನ ಮುಂದೆಯೂ ಅಳದ ಮೌನೇಶಪ್ಪ ಬಿಕ್ಕಿಬಿಕ್ಕಿ ಅತ್ತ.

ಆ ಚೌತಿಗೆ ಅವನ ಮನೆಯ ಮಣೆಯ ಮೇಲೆ ಗಣಪ್ಪ ಕೂರಲಿಲ್ಲ. ಕೂತದ್ದು ಆ ಬಲಗೈ ಮಾಡಿದ, ಹೆಬ್ಬೆರಳಷ್ಟು ಗಾತ್ರದ, ಸೊಟ್ಟ ಕಿವಿಯ ಒಂದು ಮಣ್ಣಿನ ಇಲಿ. ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿ, ಅವನು ಅದಕ್ಕೇ ಕೈ ಮುಗಿದ.

*ಆನೆಯನ್ನು ಹೊರುವ ಶಕ್ತಿಯೂ ಮೊದಲು ಇಲಿಯಷ್ಟಾಗಿಯೇ ಹೊರಗೆ ಬರುತ್ತದೆ.*

ನಿಮ್ಮೊಳಗೆ ಹೆದರಿ ಕೂತ ಇಲಿಯನ್ನು ನೀವು ಬೈಯುತ್ತಿದ್ದೀರಾ... ಕಾಯುತ್ತಿದ್ದೀರಾ?