ನೀರಿನೊಳಗಿನ ಕಟಕಟ

ಸೊಂಟದ ಮಟ್ಟದ ನೀರಿನಲ್ಲಿ ಯೂಲಾ ಅಜ್ಜಿ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮೊಮ್ಮಗಳನ್ನು ರಜೆಗೆಂದು ಟೊಬೆಗೋ ದ್ವೀಪಕ್ಕೆ ಕರೆತಂದು ನಾಲ್ಕು ದಿನವಾಗಿತ್ತು, ನಾಳೆ ವಾಪಸು ಹೊರಡಬೇಕು. ಆದರೂ ಸಮುದ್ರಕ್ಕೆ ಮುಖ ಅದ್ದುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಒಂಬತ್ತು ವರ್ಷದ ಶಾನಿಸ್ ನೀರಿನಿಂದ ತಲೆಯೆತ್ತಿದಳು. "ಅಜ್ಜೀ, ಕೆಳಗಡೆ ಯಾರೋ ಕಟಕಟ ಅಂತ ಏನೋ ತಿಂತಿದಾರೆ."

"ಸುಮ್ನಿರೇ. ನನ್ನ ಮುಳುಗ್ಸೋಕೆ ಹೊಸ ಕಥೆ ಕಟ್ಬೇಡ."

"ನೋಡ್ಬೇಡ ಬಿಡು. ಬರೀ ಒಂದು ಕಿವಿ ಇಟ್ಟು ಕೇಳು."

ಅಜ್ಜಿ ಕಣ್ಣು ಮುಚ್ಚಿ, ಬಾಗಿ, ಒಂದು ಕಿವಿಯನ್ನು ನೀರಿನಲ್ಲಿಟ್ಟಳು. ಹುರಿದ ಜೋಳ ಕಡಿಯುವಂಥ ಸದ್ದು ನಿಜವಾಗಿಯೂ ಕೇಳಿಸಿತು.

"ಗಿಳಿಮೀನು ಅಮ್ಮಾ, ಹವಳದ ಬಂಡೆ ಕಡೀತಿದೆ," ಎಂದು ದೋಣಿಯಲ್ಲಿದ್ದ ಅಂಬಿಗ ನಕ್ಕ.

"ಕಲ್ಲು ಕಡಿಯೋ ಅಂಥ ಹಲ್ಲಿದೆಯಾ ಅದಕ್ಕೆ?"

ಅಂಬಿಗ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಮೊಮ್ಮಗಳ ಈಜುಗನ್ನಡಕ ಕಸಿದು ಹಾಕಿಕೊಂಡು, ನೀರಿನೊಳಗೆ ಇಣುಕಿಯಾಗಿತ್ತು.