ಇದಿನಬ್ಬನ ಏರಿಯಲ್

“ಬಾಪ ತೀರಿಹೋಗುವ ಮೊದಲು, ಈ ಮೋರ್ಸ್ ಕೀ ನಿಮಗೇ ಕೊಡ್ಬೇಕು ಅಂದಿದ್ರು,” ಎನ್ನುತ್ತ ಇದಿನಬ್ಬನ ಮಗಳು ಮಿಸ್ರಿಯಾ ಅದನ್ನು ಮೇಜಿನ ಮೇಲಿಟ್ಟಳು. ಸವೆದ ಆ ಗುಂಡಿಯನ್ನು ಮುಟ್ಟಲು ಜಿನರಾಜರ ಕೈ ಮುಂದೆ ಬರಲಿಲ್ಲ.

ಪಾರ್ಶ್ವವಾಯು ಬಡಿದ ಮೇಲೂ ಇದಿನಬ್ಬ ಪ್ರತಿ ಭಾನುವಾರ ಬೆಳಿಗ್ಗೆ ಮೆಲ್ಕಾರಿನ ಮನೆಯಿಂದ ಹ್ಯಾಮ್ ರೇಡಿಯೋದಲ್ಲಿ ಇದನ್ನೇ ಟಕಟಕ ಒತ್ತಿ, ಒಂದೊಂದೇ ಅಕ್ಷರದ ಸಂಕೇತ ಕಳಿಸಿ, ಮೂಡುಬಿದಿರೆಯ ಗೆಳೆಯ ಜಿನರಾಜರನ್ನು ಕರೆಯುತ್ತಿದ್ದ. ಇವರಿಗೆ ಸದ್ದು ಸ್ಪಷ್ಟವಾಗಿಯೇ ಕೇಳುತ್ತಿತ್ತು. ಆದರೆ ನಡುಗುವ ಬೆರಳು ಒಂದು ಪದ ಮುಗಿಸುವಷ್ಟರಲ್ಲಿ ಜಿನರಾಜರ ಕಾಫಿ ಆರಿರುತ್ತಿತ್ತು. ಬೇಸತ್ತು ರೇಡಿಯೋ ಬಂದ್ ಮಾಡಿಬಿಡುತ್ತಿದ್ದರು.

“ಉತ್ತರ ಬಾರದಿದ್ರೆ, ನಮ್ಮ ಏರಿಯಲ್ ತಂತಿಯೇ ಸರಿ ಇಲ್ಲ ಅಂತಿದ್ರು. ಮೂರು ಸಲ ತಂತಿ ಬದಲಾಯಿಸಿದ್ರು,” ಎಂದಳು ಮಿಸ್ರಿಯಾ. “ನಿಮಗೆ ಏನೂ ಕೇಳ್ತಿರ್ಲಿಲ್ಲ ಅಲ್ವಾ ಮಾಮ?”

ಜಿನರಾಜರು ಕೀಯನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಂಡರು.

“ಇಲ್ಲ ಮಗಾ,” ಎಂದರು. “ತಂತಿಯದ್ದೇ ತೊಂದರೆ ಇದ್ದದ್ದು.”