ಮೊದಲು ನೀನೇ ಮುಳುಗು

ನೀರಿನಡಿಯಲ್ಲಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರನ್ನು ನಂಬಿ ಸರ್ವಿಸಿಗೆ ಕೊಡುವಂಥ ಒಬ್ಬನೇ ಒಬ್ಬ ಮನುಷ್ಯ ಮಸ್ಕತ್ತಿನಲ್ಲಿ ಧಾರವಾಡದ ಚನ್ನವೀರ ದೇಸಾಯರಿಗೆ ಸಿಕ್ಕಿರಲಿಲ್ಲ. ಮೂರು ಅಂಗಡಿಯವರೂ ಗೋಡೆಯ ಮೇಲಿನ ಸರ್ಟಿಫಿಕೇಟು ತೋರಿಸಿದರು. ರಿಪೇರಿ ಮಾಡಿದವರೇ ಮೊದಲು ಅದನ್ನು ಹಾಕಿಕೊಂಡು ಮುಳುಗಬೇಕು ಎಂದು ದೇಸಾಯರು ಪಟ್ಟು ಹಿಡಿದದ್ದೇ ತಡ, ಒಬ್ಬನಿಗೆ ನೆಗಡಿ ಬಂತು. ಉಳಿದಿಬ್ಬರಿಗೆ ಈಜೇ ಬರುತ್ತಿರಲಿಲ್ಲ.

ನಾಲ್ಕನೆಯವನು ಮಲ್ಪೆಯ ಲೋಕು. ಅವನ ಗೋಡೆಯ ಮೇಲೆ ಕ್ಯಾಲೆಂಡರ್ ಮಾತ್ರ ಇತ್ತು.

"ಮೊದಲ ನೀನ ಮುಳುಗಿ ತೋರಸ್ಬೇಕು ನೋಡಪಾ."

"ಅದಕ್ಕೆಂತ ಸಾರ್, ತೋರಿಸುವ."

ಸರ್ವಿಸ್ ಮುಗಿದ ದಿನ ಲೋಕು ದೇಸಾಯರ ಜೊತೆ ದೋಣಿ ಹತ್ತಿದ. ಸಿಲಿಂಡರ್ ಬೆನ್ನಿಗೇರಿಸಿ, ರೆಗ್ಯುಲೇಟರ್ ಕಚ್ಚಿ, ಸಮುದ್ರಕ್ಕೆ ಇಳಿದೇಬಿಟ್ಟ. ದೇಸಾಯರು ಕೈಗಡಿಯಾರದಿಂದ ಕಣ್ಣು ಕೀಳಲಿಲ್ಲ. ಮೂರು ನಿಮಿಷವಾದ ಮೇಲೆ ಲೋಕು ನಗುನಗುತ್ತಾ ಎದ್ದು ಬಂದ.

ದೇಸಾಯರು ಕೂತಲ್ಲಿಂದಲೇ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಬರೆದರು: 'ಕಡೀಗೂ ಒಬ್ಬ ನಂಬಿಗಸ್ತ ಸಿಕ್ಕಾನ. ನಮ್ಮಾಂವ! ಎಲ್ಲಾರೂ ಇವನ ಕಡೇನ ಕೊಡ್ರಿ.' ನೋಡುನೋಡುತ್ತಲೇ ಹತ್ತೊಂಬತ್ತು ಹೆಬ್ಬೆರಳುಗಳು ಮೇಲೆದ್ದವು.

ಆಮೇಲೆ ಅದೇ ಸಿಲಿಂಡರನ್ನು ತಮ್ಮ ಬೆನ್ನಿಗೆ ಕಟ್ಟಿಸಿಕೊಂಡು, ದೋಣಿಯ ಅಂಚಿನಲ್ಲಿ ಸಮುದ್ರಕ್ಕೆ ಬೆನ್ನು ಮಾಡಿ ಕೂತರು. ಹಿಂದಕ್ಕೆ ಉರುಳುವ ಮುಂಚೆ, ಏನಾದರೂ ಕೇಳಬೇಕಲ್ಲ ಎಂದು ಕೇಳಿದರು.

"ಗಾಳಿ ಛಲೋ ಬರ್ತೈತಿಲ್ಲೋ?"

"ಗಾಳಿಯಾ? ಅದು ಇಳಿದ ಕೂಡಲೇ ನಿಂತಿತು ಸಾರ್. ನೀವು ಮುಳುಗಿ ತೋರಿಸ್ಲಿಕ್ಕೆ ಹೇಳಿದ್ದಲ್ವಾ? ಸಣ್ಣದಿರುವಾಗಿಂದ ಉಸಿರು ಕಟ್ಟಿ ಕಡಲಡಿಯ ಬಂಡೆಯಿಂದ ಚಿಪ್ಪು ಹೆಕ್ಕಿದವ ನಾನು, ಮೂರು ನಿಮಿಷಕ್ಕೆಲ್ಲ ಗಾಳಿ ಎಂತಕ್ಕೆ?"